ಒಂದು ಹೆಸರು, ಎರಡು ದೇಶ: ಬರ್ರಾಂಕೊದಲ್ಲಿ ಪಿಸ್ಕೊ

2025ರ ಜುಲೈ ತಿಂಗಳಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ಒಂದು ಅಪರೂಪದ ವ್ಯಾಜ್ಯದಲ್ಲಿ ತೀರ್ಪು ನೀಡಿತು. ಒಂದು ಕಡೆ ಪೆರು ದೇಶ. ಇನ್ನೊಂದು ಕಡೆ ಚಿಲಿ ದೇಶದ ಮದ್ಯ ತಯಾರಕರ ಸಂಘ. ದ್ರಾಕ್ಷಿಯಿಂದ ಭಟ್ಟಿಯಿಳಿಸುವ ‘ಪಿಸ್ಕೊ’ ಎಂಬ ಮದ್ಯದ ಹೆಸರು ಭಾರತದಲ್ಲಿ ಯಾರಿಗೆ ಸಲ್ಲಬೇಕು ಎಂಬುದೇ ಪ್ರಶ್ನೆ. ನಮ್ಮಲ್ಲಿ ಬಹುಪಾಲು ಜನ ಈ ಮದ್ಯವನ್ನು ಕಂಡವರಲ್ಲ, ಹೆಸರು ಕೇಳಿದವರೂ ಅಲ್ಲ. ಆದರೂ ಇಪ್ಪತ್ತು ವರ್ಷಗಳ ಕಾಲ ನಮ್ಮ ಕಚೇರಿಗಳು, ನ್ಯಾಯಪೀಠಗಳು ಈ ದೂರದ ಜಗಳವನ್ನು ವಿಚಾರಿಸಿದವು. ಪತ್ರಿಕೆಗಳ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿದುಹೋದ ಈ ಪ್ರಸಂಗದ ಹಿಂದೆ ಸುಟ್ಟುಹೋದ ಊರೊಂದರ ಕತೆಯಿದೆ, ಗಡಿಯ ಕತೆಯಿದೆ. ತೀರ್ಪಿನ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು, ಪಿಸ್ಕೊವನ್ನು ಮನಸಾರೆ ಕುಡಿಯುವ ಜಾಗಕ್ಕೆ ಹೋಗಿ ಬರೋಣ. ಮದ್ಯದ ಮಹಿಮೆ ಹಾಡುವುದು ಈ ಬರಹದ ಉದ್ದೇಶವಲ್ಲವೆಂದು ಓದುಗರು ಬಲ್ಲರು.

ಪೆರುವಿನ ರಾಜಧಾನಿ ಲೀಮಾದ ದಕ್ಷಿಣಕ್ಕೆ, ಪೆಸಿಫಿಕ್ ಸಾಗರದ ದಂಡೆಯ ಮೇಲೆ ಬರ್ರಾಂಕೊ ಎಂಬ ಊರಿದೆ. ಈಗ ಅದು ನಗರದೊಳಗಿನ ಒಂದು ಬಡಾವಣೆ. ಸ್ಪಾನಿಷ್ ಭಾಷೆಯಲ್ಲಿ ಬರ್ರಾಂಕೊ ಎಂದರೆ ಕಮರಿ. ಹೆಸರಿಗೆ ತಕ್ಕಂತೆ ಊರಿನ ನಡುವೆ ಒಂದು ಕಮರಿ ಕಡಲಿಗೆ ಇಳಿಯುತ್ತದೆ. ಅದರ ಮೇಲೆ 1876ರಲ್ಲಿ ಕಟ್ಟಿದ ಮರದ ಸೇತುವೆಗೆ ‘ನಿಟ್ಟುಸಿರಿನ ಸೇತುವೆ’ ಎಂದು ಹೆಸರು. ಪಕ್ಕದಲ್ಲಿ ಬೆಸ್ತರು ನಡೆದುಕೊಳ್ಳುತ್ತಿದ್ದ ಒಂದು ಪುಟ್ಟ ಇಗರ್ಜಿ. ಮಂಜಿನಲ್ಲಿ ದಾರಿ ತಪ್ಪಿದ ಬೆಸ್ತರಿಗೆ ದಡದ ಮೇಲೆ ಬೆಳಕೊಂದು ಕಾಣಿಸಿತು, ಆ ಜಾಗದಲ್ಲೇ ಅದನ್ನು ಕಟ್ಟಿದರು ಎಂಬುದು ಐತಿಹ್ಯ. ನಮ್ಮ ಕರಾವಳಿಯಂತೆ ಅಲ್ಲಿ ಜಡಿಮಳೆ ಇಲ್ಲ. ಲೀಮಾದಲ್ಲಿ ಮಳೆ ಬೀಳುವುದೇ ಇಲ್ಲವೆನ್ನಬೇಕು. ಚಳಿಗಾಲದ ತಿಂಗಳುಗಳಲ್ಲಿ ‘ಗರೂವಾ’ ಎಂಬ ಸಣ್ಣ ಹನಿಮಂಜು ಮಾತ್ರ ಊರಿನ ಮೇಲೆ ಬೂದು ಮುಸುಕಿನಂತೆ ಕವಿದಿರುತ್ತದೆ.

1874ರಲ್ಲಿ ಪ್ರತ್ಯೇಕ ಆಡಳಿತ ಘಟಕವಾದ ಬರ್ರಾಂಕೊ, ಆಗ ಲೀಮಾದ ಶ್ರೀಮಂತರು ಬೇಸಗೆಯಲ್ಲಿ ಸಮುದ್ರಸ್ನಾನಕ್ಕೆ ಬರುವ ಊರಾಗಿತ್ತು. ಏಳು ವರ್ಷ ಕಳೆಯುವುದರೊಳಗೆ ಯುದ್ಧ ಅಲ್ಲಿಗೆ ಬಂತು. ಮರುಭೂಮಿಯ ವೆಡಿಯುಪ್ಪಿನ ಗಣಿಗಳ ಸಲುವಾಗಿ 1879ರಲ್ಲಿ ಚಿಲಿ ಒಂದು ಕಡೆ, ಪೆರು ಮತ್ತು ಬೊಲಿವಿಯಾ ಇನ್ನೊಂದು ಕಡೆಯಾಗಿ ಯುದ್ಧಕ್ಕೆ ನಿಂತಿದ್ದವು. 1881ರ ಜನವರಿ 13ರಂದು ಲೀಮಾದ ಹೊರವಲಯದಲ್ಲಿ ಪೆರುವಿನ ಸೇನೆ ಸೋತಿತು. ಗೆದ್ದ ಸೈನಿಕರು ಪಕ್ಕದ ಚೋರ್ರಿಯೋಸ್ ಪಟ್ಟಣವನ್ನು ಕೊಳ್ಳೆ ಹೊಡೆದರು. ಅಂಗಡಿಗಳ ಮದ್ಯ ಕುಡಿದು, ಶಿಸ್ತು ಮರೆತು, ತಮ್ಮತಮ್ಮೊಳಗೇ ಬಡಿದಾಡಿಕೊಂಡರೆಂದು ಆ ಯುದ್ಧದ ಇತಿಹಾಸಗಳು ಹೇಳುತ್ತವೆ. ಚೋರ್ರಿಯೋಸ್ ಉರಿಯಿತು, ಬರ್ರಾಂಕೊ ಕೂಡ ಉರಿಯಿತು. ನಾಲ್ಕು ದಿನಗಳ ಬಳಿಕ ರಾಜಧಾನಿಯೇ ಶತ್ರುಸೇನೆಯ ವಶವಾಯಿತು. 1883ರವರೆಗೂ ಹಾಗೆಯೇ ಇತ್ತು.

ಸುಟ್ಟ ಊರನ್ನು ಜನ ಮತ್ತೆ ಕಟ್ಟಿಕೊಂಡರು. 1904ರಲ್ಲಿ ವಿದ್ಯುತ್ ಟ್ರಾಮು ಬಂದು ಬರ್ರಾಂಕೊವನ್ನು ಲೀಮಾದ ಹತ್ತಿರಕ್ಕೆ ತಂದಿತು. ಸಾಲುಸಾಲಾಗಿ ಬಂಗಲೆಗಳೆದ್ದವು. 1940ರ ಮೇ 24ರ ಭೂಕಂಪ ಈ ಭಾಗವನ್ನು ಬಲವಾಗಿ ಅಲುಗಿಸಿತು. ಸಿರಿವಂತರು ಒಬ್ಬೊಬ್ಬರಾಗಿ ಹೊಸ ಬಡಾವಣೆಗಳಿಗೆ ಹೊರಟುಹೋದರು. ದೊಡ್ಡ ಮನೆಗಳನ್ನು ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಡುವ ಕಾಲ ಬಂತು. ಬಾಡಿಗೆ ಕಡಿಮೆಯಾದ ಕಡೆಗೆ ಮೊದಲು ಬರುವವರು ಕವಿಗಳು, ಚಿತ್ರಕಾರರು, ಹಾಡುಗಾರರು. ಯುರೋಪಿನವರು ಇಂಥ ಕೇರಿಯನ್ನು ‘ಬೊಹೀಮಿಯನ್’ ಎನ್ನುತ್ತಾರೆ. ಕವಿಗಳ ನಂಟು ಈ ಊರಿಗೆ ಹೊಸತೇನೂ ಆಗಿರಲಿಲ್ಲ. ಹೊಸ ಕಾವ್ಯದ ಹರಿಕಾರ ಹೊಸೆ ಮರಿಯಾ ಎಗುರೆನ್ ಬಹುಕಾಲ ಬದುಕಿದ್ದು ಇಲ್ಲಿಯೇ. ಮಾರ್ತಿನ್ ಅದಾನ್ ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, 1928ರಲ್ಲಿ, ಪ್ರಕಟಿಸಿದ ‘ರಟ್ಟಿನ ಮನೆ’ ಎಂಬ ಗದ್ಯಕೃತಿಯ ತುಂಬ ಬರ್ರಾಂಕೊದ ಬೀದಿಗಳೇ ಇವೆ. ಹಾಡುಗಾರ್ತಿ ಚಬೂಕಾ ಗ್ರಾಂದಾ ನಿಟ್ಟುಸಿರಿನ ಸೇತುವೆಯ ಮೇಲೆಯೇ ಒಂದು ಹಾಡು ಕಟ್ಟಿದಳು. ಸೇತುವೆಯ ಬಳಿ ಅವಳ ಪ್ರತಿಮೆಯೂ ನಿಂತಿದೆ. 2010ರ ನೊಬೆಲ್ ಪ್ರಶಸ್ತಿ ಪಡೆದ ಮಾರಿಯೊ ವರ್ಗಾಸ್ ಯೋಸಾರ ಲೀಮಾದ ಮನೆ ಇದ್ದುದೂ ಇಲ್ಲಿಯೇ.

ಇಂಥ ಊರಿನಲ್ಲಿ ಪಿಸ್ಕೊ ಕುಡಿಯುವುದೆಲ್ಲಿ? ಹಳಬರು ತೋರಿಸುತ್ತಿದ್ದುದು ‘ಬೊದೇಗಾ’ವನ್ನು. ಬೊದೇಗಾ ಎಂದರೆ ಅರ್ಧ ದಿನಸಿ ಅಂಗಡಿ, ಅರ್ಧ ಗಡಂಗು. ಒಂದು ಕಡೆ ಅಕ್ಕಿ, ಎಣ್ಣೆ, ಸಾಬೂನು. ಇನ್ನೊಂದು ಕಡೆ ಮರದ ಕಟ್ಟೆ, ನಾಲ್ಕಾರು ಮೇಜು, ಗೋಡೆಯ ತುಂಬ ಬಾಟಲಿಗಳು. ಊರ ಚೌಕದ ಬಳಿ 1937ರಲ್ಲಿ ತೆರೆದ ‘ಹುವಾನಿತೊ’ ಎಂಬ ಅಂಗಡಿ ಈ ಬಗೆಯದು. ಲೇಖಕರು, ಹಾಡುಗಾರರು, ವಿದ್ಯಾರ್ಥಿಗಳು ತಲೆಮಾರುಗಳ ಕಾಲ ಕೂಡುತ್ತಿದ್ದ ತಾಣವೆಂದು ಅದು ಹೆಸರಾಯಿತು. ಅಂಥ ಕಡೆ ಪಿಸ್ಕೊವನ್ನು ಚಿಕ್ಕ ಗಾಜಿನ ಲೋಟದಲ್ಲಿ, ಮಂಜುಗಡ್ಡೆಯಿಲ್ಲದೆ, ಏನನ್ನೂ ಬೆರೆಸದೆ ಕೊಡುವುದು ರೂಢಿ. ನಂಜಿಕೊಳ್ಳಲು ಹಂದಿಮಾಂಸ, ಈರುಳ್ಳಿ ಇಟ್ಟ ‘ಬುತಿಫಾರ್ರಾ’ ಎಂಬ ರೊಟ್ಟಿ. ನಮ್ಮ ಕಡೆಯ ಗಡಂಗನ್ನೋ ಕಳ್ಳಿನ ಶಾಪನ್ನೋ ಕಂಡವರಿಗೆ ಈ ವಾತಾವರಣ ಅಪರಿಚಿತವೆನಿಸದು.

ರಾತ್ರಿಯಾದರೆ ‘ಪೆನ್ಯಾ’. ಅದು ಹಾಡಿನ ಮನೆ. ಗಿಟಾರಿನ ಜೊತೆಗೆ ‘ಕಹೋನ್’ ಎಂಬ ವಾದ್ಯ. ವಾದ್ಯವೇನು, ಒಂದು ಮರದ ಪೆಟ್ಟಿಗೆ. ನುಡಿಸುವವನು ಅದರ ಮೇಲೆಯೇ ಕುಳಿತು ಮುಂಬದಿಯನ್ನು ಅಂಗೈಯಿಂದ ಬಡಿಯುತ್ತಾನೆ. ಆಫ್ರಿಕದಿಂದ ಗುಲಾಮರಾಗಿ ಬಂದವರ ಸಂತತಿ ಸಾಮಾನಿನ ಪೆಟ್ಟಿಗೆಗಳಿಂದ ರೂಪಿಸಿಕೊಂಡ ವಾದ್ಯವಿದು. 2001ರಲ್ಲಿ ಪೆರು ಇದನ್ನು ರಾಷ್ಟ್ರೀಯ ಪರಂಪರೆಯೆಂದು ಘೋಷಿಸಿತು. ಪಿಸ್ಕೊದ ಇತಿಹಾಸಕ್ಕೂ ಈ ಪೆಟ್ಟಿಗೆಗೂ ಸಂಬಂಧವಿದೆ. ದಕ್ಷಿಣ ಕರಾವಳಿಯ ದ್ರಾಕ್ಷಿ ತೋಟಗಳಲ್ಲಿ ಬೆವರು ಸುರಿಸಿದವರಲ್ಲಿ ಇದೇ ಆಫ್ರಿಕನ್ ಗುಲಾಮರಿದ್ದರು. ಜೆಸುಯಿಟ್ ಪಾದ್ರಿಗಳ ದೊಡ್ಡ ತೋಟಗಳೂ ಅವರ ದುಡಿಮೆಯಿಂದಲೇ ನಡೆಯುತ್ತಿದ್ದವು. ಬಾಟಲಿಯ ಚೀಟಿಯಲ್ಲಿ ಇವರ ಹೆಸರಿಲ್ಲ. ಹಾಡಿನ ಮನೆಯಲ್ಲಿ ಸದ್ದು ಮಾತ್ರ ಉಳಿದಿದೆ.

ದ್ರಾಕ್ಷಿಬಳ್ಳಿಯನ್ನು ಪೆರುವಿಗೆ ತಂದವರು ಹದಿನಾರನೆಯ ಶತಮಾನದ ಸ್ಪಾನಿಷರು. ಮರಳುಗಾಡಿನ ನಡುವೆ ಹೊಳೆಗಳು ಹರಿಯುವ ಇಕಾ ಸೀಮೆಯಲ್ಲಿ ಬಳ್ಳಿ ಚೆನ್ನಾಗಿ ಹಬ್ಬಿತು. ದ್ರಾಕ್ಷಾರಸದಿಂದ ಭಟ್ಟಿಯಿಳಿಸುವ ಕೆಲಸವೂ ಬೇಗನೆ ಶುರುವಾಯಿತು. 1613ರಲ್ಲಿ ಇಕಾದಲ್ಲಿ ಬರೆಸಿದ ಒಂದು ಉಯಿಲಿನಲ್ಲಿ, ಆಸ್ತಿಯ ಪಟ್ಟಿಯೊಳಗೆ, ದ್ರಾಕ್ಷಿಯ ಸಾರಾಯಿ ತುಂಬಿದ ಮಣ್ಣಿನ ಭರಣಿಗಳ ಲೆಕ್ಕವಿದೆ. ಈ ಭರಣಿಗಳು ಹಡಗನ್ನೇರುತ್ತಿದ್ದ ರೇವಿನ ಹೆಸರು ಪಿಸ್ಕೊ. ಸ್ಥಳೀಯ ಕ್ವೆಚುವಾ ಭಾಷೆಯಲ್ಲಿ ಆ ಮಾತಿಗೆ ಹಕ್ಕಿ ಎಂದರ್ಥ. ಹಕ್ಕಿಯ ಹೆಸರು ರೇವಿಗೆ, ರೇವಿನ ಹೆಸರು ಭರಣಿಗೆ, ಭರಣಿಯ ಹೆಸರು ಒಳಗಿನ ಮದ್ಯಕ್ಕೆ ಬಂತೆಂದು ಪೆರುವಿನವರ ವಾದ. ನಮ್ಮ ಗೇರುಮರವೂ ಅದೇ ಖಂಡದಿಂದ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಮಲಯಾಳದಲ್ಲಿ ಅದನ್ನು ಪರಂಗಿಮಾವು ಎನ್ನುವಾಗ ಬಂದ ದಾರಿಯ ನೆನಪು ಹೆಸರಿನೊಳಗೇ ಉಳಿದಿದೆ. ಗಿಡಗಳು, ಪಾನೀಯಗಳು ಊರೂರು ತಿರುಗಿದಾಗ ಹೆಸರುಗಳು ಹೀಗೆಯೇ ಅಂಟಿಕೊಳ್ಳುತ್ತವೆ.

ಪೆರುವಿನ ಇಂದಿನ ನಿಯಮ ಕಟ್ಟುನಿಟ್ಟಿನದು. ಲೀಮಾ, ಇಕಾ, ಅರೆಕೀಪಾ, ಮೊಕೆಗುವಾ, ತಾಕ್ನಾ ಎಂಬ ಐದೇ ಸೀಮೆಗಳಲ್ಲಿ, ಎಂಟೇ ಜಾತಿಯ ದ್ರಾಕ್ಷಿಯಿಂದ ಮಾಡಬೇಕು. ಹುಳಿಬಂದ ಹೊಸ ರಸವನ್ನು ಒಂದೇ ಸಲ ಭಟ್ಟಿಯಿಳಿಸಬೇಕು. ಆಮೇಲೆ ತೊಟ್ಟು ನೀರನ್ನೂ ಬೆರೆಸುವಂತಿಲ್ಲ. ಕನಿಷ್ಠ ಮೂರು ತಿಂಗಳು ಇಡಬೇಕು. ಆದರೆ ಬಣ್ಣವನ್ನೋ ವಾಸನೆಯನ್ನೋ ಬಿಟ್ಟುಕೊಡುವ ಮರದ ಪೀಪಾಯಿಯಲ್ಲಿ ಇಡಕೂಡದು. ಮದ್ಯಾಂಶ ಶೇಕಡ 38ರಿಂದ 48. ಒಂದೇ ಜಾತಿಯ ದ್ರಾಕ್ಷಿಯದು ‘ಪೂರೊ’. ಹಲವು ಜಾತಿ ಬೆರೆತದ್ದು ‘ಅಚೋಲಾದೊ’. ಈ ಎರಡನೆಯ ಮಾತು ‘ಚೋಲೊ’ ಎಂಬುದರಿಂದ ಬಂದದ್ದು. ಬೆರಕೆ ವಂಶದವರನ್ನು ಹೀಗಳೆಯಲು ಬಳಸುತ್ತಿದ್ದ ಆ ಮಾತು ಇಂದು ಒಳ್ಳೆಯ ಮದ್ಯವೊಂದರ ಹೆಸರಿನಲ್ಲಿ ಗೌರವದಿಂದ ಕುಳಿತಿದೆ.

ರಾಷ್ಟ್ರೀಯ ಪಾನೀಯವೆಂಬ ಪಟ್ಟ ಮಾತ್ರ ತೀರ ಈಚಿನದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಏರಿದಾಗ ಇಕಾ ಸೀಮೆಯ ಅನೇಕರು ದ್ರಾಕ್ಷಿ ಕಿತ್ತು ಹತ್ತಿ ಹಾಕಿದರು. ಬಳಿಕ ಯುದ್ಧ ಬಂತು. 1969ರ ಭೂಸುಧಾರಣೆಯಲ್ಲಿ ದೊಡ್ಡ ತೋಟಗಳು ಒಡೆದವು. ಕುಡಿಯುವ ರೂಢಿಯೂ ಬದಲಾಯಿತು. ಇಂದು ಲೋಕಪ್ರಸಿದ್ಧವಾಗಿರುವ, ನಿಂಬೆರಸ, ಸಕ್ಕರೆ, ಮೊಟ್ಟೆಯ ಬಿಳಿ ಸೇರಿಸಿ ಕಡೆಯುವ ‘ಪಿಸ್ಕೊ ಸವರ್’ ಎಂಬ ಪಾನಕವನ್ನು ಜನಪ್ರಿಯಗೊಳಿಸಿದವನು ಅಮೆರಿಕದಿಂದ ಬಂದ ವಿಕ್ಟರ್ ಮಾರಿಸ್. ಅವನು 1916ರಲ್ಲಿ ಲೀಮಾದಲ್ಲಿ ಬಾರು ತೆರೆದ. ಆದರೆ 1903ರ ಪೆರುವಿನ ಅಡುಗೆ ಪುಸ್ತಕವೊಂದರಲ್ಲಿಯೇ ಇದೇ ಬಗೆಯ ಪಾನಕದ ವಿಧಾನ ಸಿಕ್ಕಿದೆ. ಸರಕಾರ ಪಿಸ್ಕೊವನ್ನು ರಾಷ್ಟ್ರೀಯ ಪರಂಪರೆಯೆಂದು ಸಾರಿದ್ದು 1988ರಲ್ಲಿ. ಮೂಲಸ್ಥಾನದ ಹೆಸರೆಂದು ಕಾನೂನಿನ ರಕ್ಷಣೆ ಕೊಟ್ಟದ್ದು 1990ರಲ್ಲಿ. ಅಂದರೆ ಮದ್ಯಕ್ಕೆ ನಾನೂರು ವರ್ಷ. ಅದರ ರಾಷ್ಟ್ರೀಯತೆಗೆ ನಾಲ್ಕು ದಶಕ ಕೂಡ ಸರಿಯಾಗಿ ತುಂಬಿಲ್ಲ.

ಈಗ ಗಡಿಯಾಚೆಗೆ ನೋಡೋಣ. ಚಿಲಿಯವರ ಬಳಿಯೂ ದಾಖಲೆಯಿದೆ. ಎಲ್ಕಿ ಕಣಿವೆಯ ತೋಟವೊಂದರ 1733ರ ಸ್ವತ್ತಿನ ಪಟ್ಟಿಯಲ್ಲಿ ಪಿಸ್ಕೊದ ಮೂರು ಭರಣಿಗಳ ಉಲ್ಲೇಖವಿದೆ. 1931ರಲ್ಲಿಯೇ, ಪೆರುವಿಗಿಂತ ಸುಮಾರು ಅರವತ್ತು ವರ್ಷ ಮೊದಲು, ಚಿಲಿ ಈ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. 1936ರಲ್ಲಿ ಆ ಕಣಿವೆಯ ಲಾ ಉನಿಯೋನ್ ಎಂಬ ಹಳ್ಳಿಗೆ ‘ಪಿಸ್ಕೊ ಎಲ್ಕಿ’ ಎಂದು ಮರುನಾಮಕರಣ ಮಾಡಿತು. ಹೆಸರಿನ ಹಕ್ಕನ್ನು ಬಲಪಡಿಸಲು ಊರಿನ ಹೆಸರನ್ನೇ ಬದಲಿಸಿದ್ದು ಪೆರುವಿನವರಿಗೆ ಇಂದಿಗೂ ನಗೆಪಾಟಲಿನ ಸಂಗತಿ. ಆದರೆ ಎಲ್ಕಿಯವರ ದ್ರಾಕ್ಷಿ ಸುಳ್ಳಲ್ಲ, ದುಡಿಮೆ ಸುಳ್ಳಲ್ಲ. 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಕವಯಿತ್ರಿ ಗಬ್ರಿಯೇಲಾ ಮಿಸ್ತ್ರಾಲ್ ಬಾಲ್ಯ ಕಳೆದದ್ದು ಇದೇ ಕಣಿವೆಯಲ್ಲಿ. ಆ 1733ರಲ್ಲಿ ಎರಡೂ ನಾಡುಗಳು ಒಬ್ಬನೇ ಸ್ಪಾನಿಷ್ ದೊರೆಯ ಕೆಳಗಿದ್ದವು. ಚಿಲಿ ಲೀಮಾದ ವೈಸರಾಯನ ಅಧೀನದಲ್ಲಿತ್ತು. ಇಂದು ವ್ಯಾಜ್ಯವಾಡುವ ಗಡಿ ಆಗ ಹುಟ್ಟಿರಲೇ ಇಲ್ಲ.

ಗಡಿ ಹುಟ್ಟಿದ ಮೇಲಿನ ನೋವಿಗೆ ತಾಕ್ನಾ ಸಾಕ್ಷಿ. ಪಿಸ್ಕೊದ ಐದು ಸೀಮೆಗಳಲ್ಲಿ ಕೊನೆಯದಾದ ಈ ಊರನ್ನು ಚಿಲಿ 1880ರಲ್ಲಿ ಹಿಡಿದು 1929ರವರೆಗೂ ಇಟ್ಟುಕೊಂಡಿತು. 1900ರಲ್ಲಿ ಪೆರುವಿನ ಶಾಲೆಗಳನ್ನು ಮುಚ್ಚಿಸಿದರು. 1901ರ ಜುಲೈ 28ರಂದು, ಪೆರುವಿನ ಸ್ವಾತಂತ್ರ್ಯದ ದಿನ, ಧ್ವಜವನ್ನು ಇಗರ್ಜಿಗೆ ಒಯ್ಯಲು ಜನ ಅನುಮತಿ ಕೇಳಿದರು. ಯಾರೂ ಜೈಕಾರ ಹಾಕಬಾರದೆಂಬ ಷರತ್ತಿನ ಮೇಲೆ ಅನುಮತಿ ಸಿಕ್ಕಿತು. ಊರಿಗೆ ಊರೇ ಬಾಯಿಬಿಡದೆ ಧ್ವಜದ ಹಿಂದೆ ನಡೆಯಿತು. 1956ರ ನಂತರದ ನಮ್ಮ ಅನುಭವವನ್ನು ಇದರೊಂದಿಗೆ ಹೋಲಿಸುವುದು ಸರಿಯಲ್ಲ. ಇಲ್ಲಿ ಯುದ್ಧ ನಡೆದಿಲ್ಲ, ಯಾರ ಊರೂ ಸುಟ್ಟಿಲ್ಲ. ಆದರೂ ಶಾಲೆಯ ಮಾತು ಬಂದಾಗ ಗಡಿನಾಡಿನ ಓದುಗರು ಒಂದು ಗಳಿಗೆ ಓದು ನಿಲ್ಲಿಸಿದರೆ ಆಶ್ಚರ್ಯವಿಲ್ಲ.

ಚಿಲಿಯವರು ‘ಪಿಸ್ಕೊ’ ಎಂದಾಗ ಬರ್ರಾಂಕೊದವನಿಗೆ ಯಾಕೆ ಉರಿಯುತ್ತದೆ ಎಂಬುದು ಈಗ ಅರ್ಥವಾದೀತು. ಅವನಿಗೆ ಅದು ವ್ಯಾಪಾರದ ಮಾತಷ್ಟೇ ಅಲ್ಲ. ನೆಲ ಕಳೆದುಕೊಂಡ ಮೇಲೆ ಹೆಸರಾದರೂ ಉಳಿಯಲಿ ಎಂಬ ಹಟ ಅದರಲ್ಲಿದೆ.

ಇನ್ನು ದಿಲ್ಲಿಯ ವಿಚಾರ. ನಮ್ಮ ಭೌಗೋಳಿಕ ಸೂಚಿಗಳ ಕಾಯಿದೆ 1999ರದು. ಕಾಸರಗೋಡಿನ ಸೀರೆಗೂ ಗೋವೆಯ ಫೆನಿಗೂ ರಕ್ಷಣೆ ಕೊಟ್ಟದ್ದು ಇದೇ ಕಾಯಿದೆ. ಇದರಡಿ ಪೆರು 2005ರಲ್ಲಿ ಅರ್ಜಿ ಹಾಕಿತು. ಚಿಲಿಯವರು ತಕರಾರು ತೆಗೆದರು. 2009ರಲ್ಲಿ ನೋಂದಣಿ ಅಧಿಕಾರಿ ‘ಪೆರುವಿನ ಪಿಸ್ಕೊ’ ಎಂದು ಸೇರಿಸಿ ಕೊಡಲು ಒಪ್ಪಿದರು. 2018ರಲ್ಲಿ ಮೇಲ್ಮನವಿ ಮಂಡಳಿ ಬರಿಯ ‘ಪಿಸ್ಕೊ’ ಎಂಬ ಹೆಸರನ್ನೇ ಪೆರುವಿಗೆ ಕೊಟ್ಟಿತು. 2025ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ ಮತ್ತೆ ‘ಪೆರುವಿನ ಪಿಸ್ಕೊ’ ಎಂದೇ ನಮೂದಿಸಲು ಹೇಳಿತು. ಒಂದೇ ಹೆಸರು ಎರಡು ನಾಡುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವಾಗ, ಕೊಳ್ಳುವವನಿಗೆ ಗೊಂದಲವಾಗದಂತೆ ಹೆಸರಿನ ಹಿಂದೆ ನಾಡಿನ ಹೆಸರಿರಲಿ ಎಂಬುದು ಅದರ ಸಾರ. ನಮ್ಮಲ್ಲಿ ರಸಗುಲ್ಲಕ್ಕಾಗಿ ಬಂಗಾಳ ಮತ್ತು ಒಡಿಶಾ ಜಗಳವಾಡಿದಾಗ 2017ರಲ್ಲಿ ಒಂದಕ್ಕೂ 2019ರಲ್ಲಿ ಇನ್ನೊಂದಕ್ಕೂ ಬೇರೆಬೇರೆ ನೋಂದಣಿ ಸಿಕ್ಕಿದ್ದನ್ನು ನೆನೆಯಬಹುದು.

ಈ ಪರಿಹಾರ ಬರ್ರಾಂಕೊದಲ್ಲಿ ಯಾರಿಗೂ ಹಿಡಿಸಲಾರದು. ಸುಟ್ಟ ಊರಿನ ನೆನಪಿಗೆ ನ್ಯಾಯಾಲಯ ಬೆಲೆ ಕಟ್ಟುವುದಿಲ್ಲ. ಕಟ್ಟಲು ಅದಕ್ಕೆ ಬಾರದು ಕೂಡ. ಆದರೂ ನನಗೆ ಇದು ನ್ಯಾಯವೆಂದೇ ತೋರುತ್ತದೆ. ಯುದ್ಧದಲ್ಲಿ ತಪ್ಪು ಮಾಡಿದವರು ಸೈನಿಕರು, ಅವರನ್ನು ಕಳಿಸಿದವರು. ಎಲ್ಕಿಯಲ್ಲಿ ದ್ರಾಕ್ಷಿ ಬೆಳೆಸಿದವನಲ್ಲ. ಬಳ್ಳಿ ಮೊದಲು ಬಂತು, ಗಡಿ ಆಮೇಲೆ ಬಂತು. ಇತಿಹಾಸ ಬರೆಯುವವನು ಎರಡನ್ನೂ ಹೇಳಬೇಕು: 1881ರ ಬೆಂಕಿಯನ್ನೂ, 1733ರ ಆ ಮೂರು ಭರಣಿಗಳನ್ನೂ. ಎರಡು ಭಾಷೆಗಳನ್ನು ಒಂದೇ ರಟ್ಟಿನೊಳಗೆ ಹೊಲಿದು ತರುವ ಈ ವಾರ್ಷಿಕದ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮುಂದೆಂದಾದರೂ ಅವರಲ್ಲಿ ಯಾರಾದರೂ ನಿಟ್ಟುಸಿರಿನ ಸೇತುವೆ ದಾಟಿ ಬೊದೇಗಾ ಹೊಕ್ಕರೆ, ಒಂದು ಲೋಟ ಅಚೋಲಾದೊ ಕೇಳಲಿ. ಕುಡಿಯದವರು ಪೆನ್ಯಾದಲ್ಲಿ ಕುಳಿತು ಆ ಮರದ ಪೆಟ್ಟಿಗೆಯ ಸದ್ದನ್ನಾದರೂ ಕೇಳಿ ಬರಲಿ.