ಯೂನಿಯನ್ ಕರಗಿದ ಮೇಲೆ: ವೆಸ್ಟ್ ವರ್ಜೀನಿಯಾ ಕಾರ್ಮಿಕರ ಪಕ್ಷನಿಷ್ಠೆ, 1932–2024

2000ದ ಅಮೆರಿಕ ಅಧ್ಯಕ್ಷೀಯ ಚುನಾವಣೆ ಎಂದೊಡನೆ ಎಲ್ಲರೂ ಫ್ಲೋರಿಡಾದ ಮರುಎಣಿಕೆಯನ್ನೇ ನೆನೆಯುತ್ತಾರೆ. ವೆಸ್ಟ್ ವರ್ಜೀನಿಯಾದ 5 ಎಲೆಕ್ಟೋರಲ್ ಮತ ಅಲ್ ಗೋರ್ ಪಾಲಿಗೆ ಬಂದಿದ್ದರೆ ಫ್ಲೋರಿಡಾದ ಗೊಡವೆಯೇ ಇರುತ್ತಿರಲಿಲ್ಲ. 1932ರಿಂದ 1996ರವರೆಗಿನ ಹದಿನೇಳು ಚುನಾವಣೆಗಳಲ್ಲಿ ಮೂರು ಬಾರಿ ಬಿಟ್ಟು ಉಳಿದೆಲ್ಲ ಸಲ ಡೆಮಾಕ್ರಟಿಕ್ ಪಕ್ಷದ ಕೈ ಹಿಡಿದ ರಾಜ್ಯ ಅದು. ಬಂದೂಕು, ಗರ್ಭಪಾತ, ಧರ್ಮ, ಕಲ್ಲಿದ್ದಲಿನ ಮೇಲಿನ ಪರಿಸರ ನಿರ್ಬಂಧ ಇವೇ ಅದರ ಮುನಿಸಿಗೆ ಕಾರಣ ಎಂಬ ವಿವರಣೆ ಈಗ ಸವಕಲಾಗಿದೆ. ಅದು ಸುಳ್ಳಲ್ಲ, ಆದರೆ ಈ ಸಂಗತಿಗಳು ಮತದಾರರನ್ನು ಸೆಳೆಯುವಷ್ಟರಲ್ಲಿ ಅವರನ್ನು ಪಕ್ಷಕ್ಕೆ ಕಟ್ಟಿದ್ದ ಹಗ್ಗ ಬಹುಪಾಲು ಸವೆದಿತ್ತು.

ಗ್ರಾಮೀಣ ರಾಜ್ಯವೆಂದರೆ ಇಲ್ಲಿ ರೈತರ ರಾಜ್ಯವಲ್ಲ. ಅರ್ಧ ಲಕ್ಷ ಜನರಿರುವ ಒಂದು ಊರೂ ಇಂದು ಅಲ್ಲಿಲ್ಲ. ದಕ್ಷಿಣದ ಕಣಿವೆಗಳುದ್ದಕ್ಕೂ ಹಬ್ಬಿದ್ದದ್ದು ಗಣಿ ಕಂಪನಿಗಳೇ ಕಟ್ಟಿದ ವಸತಿಗಳು. ಮನೆ ಕಂಪನಿಯದು, ಅಂಗಡಿ ಕಂಪನಿಯದು. ಕೂಲಿಯ ಒಂದು ಪಾಲು ಆ ಅಂಗಡಿಯಲ್ಲಿ ಮಾತ್ರ ನಡೆಯುವ ಲೋಹದ ಬಿಲ್ಲೆಗಳ ರೂಪದಲ್ಲಿ ಸಿಗುತ್ತಿತ್ತು. ಸಂಘ ಸೇರಿದವನ ಮನೆ ಖಾಲಿ ಮಾಡಿಸಲು ಬಾಡಿಗೆ ಪತ್ತೇದಾರರಿದ್ದರು. 1920ರ ಮೇ 19ರಂದು ಮೇಟ್ವಾನ್‌ನಲ್ಲಿ ಗುಂಡು ಹಾರಿದ್ದು ಇಂಥದೇ ತೆರವಿನ ದಿನ. ಮರುವರ್ಷ ಬ್ಲೇರ್ ಬೆಟ್ಟದ ಕಡೆಗೆ ಸುಮಾರು ಹತ್ತು ಸಾವಿರ ಗಣಿ ಕಾರ್ಮಿಕರು ಬಂದೂಕು ಹಿಡಿದು ನಡೆದರು. ಫೆಡರಲ್ ಸೇನೆ ಬಂದಿತು, ಮುಖಂಡರ ಮೇಲೆ ರಾಜ್ಯದ್ರೋಹದ ಮೊಕದ್ದಮೆ ಹೂಡಲಾಯಿತು, ಸಂಘ ನೆಲಕಚ್ಚಿತು. ಆ ಕಾಲಕ್ಕೆ ರಾಜ್ಯ ಹೆಚ್ಚಾಗಿ ರಿಪಬ್ಲಿಕನ್ನರ ಹಿಡಿತದಲ್ಲಿತ್ತು. ‘ಪರಂಪರೆಯಿಂದ ಡೆಮಾಕ್ರಟಿಕ್’ ಎನ್ನುವವರು ಇದನ್ನು ಗಮನಿಸಬೇಕು.

ಪರಂಪರೆ ಶುರುವಾದದ್ದು 1933ರಲ್ಲಿ. ರೂಸ್‌ವೆಲ್ಟ್ ಸರ್ಕಾರದ ಕೈಗಾರಿಕಾ ಪುನಶ್ಚೇತನ ಕಾಯ್ದೆ ಸಂಘ ಕಟ್ಟುವ ಹಕ್ಕನ್ನು ಒಪ್ಪಿತು. ಕೆಲವೇ ತಿಂಗಳಲ್ಲಿ ಯುನೈಟೆಡ್ ಮೈನ್ ವರ್ಕರ್ಸ್ ಕಣಿವೆಗಳನ್ನು ಆವರಿಸಿತು. 1946ರಲ್ಲಿ ಸಂಘ ಇನ್ನೊಂದು ದೊಡ್ಡ ಗೆಲುವು ಸಾಧಿಸಿತು. ತೆಗೆದ ಪ್ರತಿ ಟನ್ ಕಲ್ಲಿದ್ದಲಿಗೆ ಮಾಲೀಕರು ಕಟ್ಟುವ ಹಣದಿಂದ ಕ್ಷೇಮನಿಧಿ ಸ್ಥಾಪನೆಯಾಯಿತು. ಪಿಂಚಣಿ, ಚಿಕಿತ್ಸೆ, ಮುಂದೆ ಅಪಲಾಚಿಯಾದಲ್ಲಿ ಹತ್ತು ಆಸ್ಪತ್ರೆಗಳು ಅದರಿಂದಲೇ ಬಂದವು. ಸಂಘದ ಸದಸ್ಯತ್ವದ ಜೊತೆಗೆ ವೈದ್ಯನೂ ಸಿಕ್ಕ. ಓಟು ಹಾಕುವುದು ಈ ಸಂಬಂಧದ ಒಂದು ಭಾಗವಷ್ಟೇ.

ಹಾಗಾದರೆ ಕಾರ್ಮಿಕರು ನಾಯಕ ಹೇಳಿದಂತೆ ಮತ ಹಾಕುತ್ತಿದ್ದರೇ? ಇಲ್ಲ. 1940ರಲ್ಲಿ ಸಂಘದ ಅಧ್ಯಕ್ಷ ಜಾನ್ ಎಲ್. ಲೂಯಿಸ್ ರೂಸ್‌ವೆಲ್ಟ್ ಮೇಲೆ ಮುನಿದು ರಿಪಬ್ಲಿಕನ್ ಅಭ್ಯರ್ಥಿ ವಿಲ್ಕಿಯನ್ನು ಬೆಂಬಲಿಸಿದ. ವೆಸ್ಟ್ ವರ್ಜೀನಿಯಾ ರೂಸ್‌ವೆಲ್ಟ್‌ರನ್ನೇ ಗೆಲ್ಲಿಸಿತು. ಲೂಯಿಸ್ ಮಾತ್ರ ಸಂಘದ ಗದ್ದುಗೆಯಲ್ಲಿ ಮತ್ತೆ ಇಪ್ಪತ್ತು ವರ್ಷ ಕುಳಿತ. ಈ ಒಂದು ಪ್ರಸಂಗ ನೂರು ಸಮೀಕ್ಷೆಗಿಂತ ಹೆಚ್ಚು ಹೇಳುತ್ತದೆ ಎಂದು ನನಗನ್ನಿಸುತ್ತದೆ: ನಿಷ್ಠೆ ನಾಯಕನ ಅಪ್ಪಣೆಯಿಂದ ಹುಟ್ಟಿದ್ದಲ್ಲ, ಸಂಘದ ಬದುಕಿನಿಂದ ಬೆಳೆದದ್ದು.

ಆ ಬದುಕಿಗೆ ಮೊದಲ ಪೆಟ್ಟು ಕೊಟ್ಟದ್ದೂ ಲೂಯಿಸನೇ. 1950ರ ಒಪ್ಪಂದದಲ್ಲಿ ಹೆಚ್ಚಿನ ಕೂಲಿ ಮತ್ತು ಕ್ಷೇಮನಿಧಿಗೆ ಬದಲಾಗಿ ಯಂತ್ರಗಳಿಗೆ ದಾರಿ ಬಿಟ್ಟ. ಒಂದು ಲಕ್ಷಕ್ಕೂ ಮಿಕ್ಕಿದ್ದ ಗಣಿ ಕಾರ್ಮಿಕರ ಸಂಖ್ಯೆ 1960ರ ಹೊತ್ತಿಗೆ ಅರ್ಧಕ್ಕಿಂತ ಕೆಳಗಿಳಿಯಿತು. 1950ರಲ್ಲಿ ಸುಮಾರು 99,000 ಜನರಿದ್ದ ಮೆಕ್‌ಡೊವೆಲ್ ಕೌಂಟಿಯಲ್ಲಿ 2020ರಲ್ಲಿ ಉಳಿದವರು 19,111. ಕೆನಡಿ ಸರ್ಕಾರದ ಆಹಾರ ಚೀಟಿಗಳು 1961ರ ಮೇ ತಿಂಗಳಲ್ಲಿ ಮೊದಲು ಹಂಚಿಕೆಯಾದದ್ದು ಇದೇ ಕೌಂಟಿಯಲ್ಲಿ. ಕ್ಷೇಮನಿಧಿಯ ಆಸ್ಪತ್ರೆಗಳು ಆ ದಶಕದಲ್ಲೇ ಕೈತಪ್ಪಿದವು. 1980ರ ದಶಕದಿಂದ ಸಂಘವಿಲ್ಲದ ಗಣಿಗಳೂ ಹೆಚ್ಚಿದವು.

ಆದರೂ ಮತ ತಕ್ಷಣ ತಿರುಗಲಿಲ್ಲ. 1980ರಲ್ಲಿ ಕಾರ್ಟರ್ ಕೈಬಿಡದ ಆರೇ ರಾಜ್ಯಗಳಲ್ಲಿ ಇದೂ ಒಂದು. ಅಧ್ಯಕ್ಷ ಹುದ್ದೆಗೆ ರಿಪಬ್ಲಿಕನ್ನರನ್ನು ಆರಿಸಲು ತೊಡಗಿದ ಮೇಲೂ ವಿಧಾನಸಭೆಯಲ್ಲಿ 2014ರವರೆಗೆ ಡೆಮಾಕ್ರಟರದೇ ಬಹುಮತ. 2008ರಲ್ಲಿ ರಾಜ್ಯವೇ ಮೆಕೇನ್ ಕಡೆಗಿದ್ದಾಗ ಮೆಕ್‌ಡೊವೆಲ್ ಒಬಾಮಾಗೆ ಅರ್ಧಕ್ಕಿಂತ ಹೆಚ್ಚು ಮತ ಕೊಟ್ಟಿತು; ನಾಲ್ಕೇ ವರ್ಷದಲ್ಲಿ ಸುಮಾರು 64 ಶೇಕಡಾ ಮತ ರಾಮ್ನಿಗೆ ಹೋಯಿತು. ನಡುವೆ ಬಂದದ್ದು ಹವಾಮಾನ ಮಸೂದೆ ಮತ್ತು ‘ಕಲ್ಲಿದ್ದಲಿನ ಮೇಲೆ ಯುದ್ಧ’ ಎಂಬ ಪ್ರಚಾರ. ಡೆಮಾಕ್ರಟ್ ಜೋ ಮ್ಯಾಂಚಿನ್ ಕೂಡ 2010ರ ಜಾಹೀರಾತೊಂದರಲ್ಲಿ ಆ ಮಸೂದೆಗೆ ಬಂದೂಕಿನಿಂದ ಗುಂಡಿಟ್ಟರು. ಅಗ್ಗದ ನೈಸರ್ಗಿಕ ಅನಿಲ ಕಲ್ಲಿದ್ದಲಿನ ಬೇಡಿಕೆಯನ್ನು ನುಂಗುತ್ತಿದೆಯೆಂದು ಕಾರ್ಮಿಕರಿಗೆ ತಿಳಿಸಿ ಹೇಳಬಲ್ಲ ಸಂಘದ ಸಭೆ ಹೆಚ್ಚಿನ ಊರುಗಳಲ್ಲಿ ಆಗ ಉಳಿದಿರಲಿಲ್ಲ.

ಇದನ್ನು ಬಲಪಂಥದ ದಿಗ್ವಿಜಯವೆಂದು ಬರೆದರೆ 2016 ಮತ್ತು 2018 ಅರ್ಥವಾಗುವುದಿಲ್ಲ. 2016ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಎಲ್ಲ 55 ಕೌಂಟಿಗಳನ್ನು ಗೆದ್ದದ್ದು ಬರ್ನಿ ಸ್ಯಾಂಡರ್ಸ್. ನವೆಂಬರಿನಲ್ಲಿ ಅವೇ 55ನ್ನೂ ಗೆದ್ದದ್ದು ಟ್ರಂಪ್. ಎರಡೂ ಕಡೆಯ ಮತದಾರರು ಒಬ್ಬರೇ ಅಲ್ಲ, ನಿಜ. ಆದರೆ 2018ರ ಫೆಬ್ರವರಿಯಲ್ಲಿ ಸಂಬಳ ಮತ್ತು ಆರೋಗ್ಯ ವಿಮೆಗಾಗಿ ಆ 55 ಕೌಂಟಿಗಳ ಶಾಲಾ ಶಿಕ್ಷಕರೂ ಮುಷ್ಕರ ಹೂಡಿ, 1921ರ ಗಣಿಗರಂತೆ ಕೊರಳಿಗೆ ಕೆಂಪು ಕರವಸ್ತ್ರ ಕಟ್ಟಿ ರಾಜಧಾನಿ ತುಂಬಿದರು. ಶೇಕಡಾ 5ರ ಏರಿಕೆ ಪಡೆದೇ ಹಿಂದಿರುಗಿದರು. ಹೋರಾಟದ ನೆನಪು ಸತ್ತಿರಲಿಲ್ಲ, ಅದು ಪಕ್ಷದ ಖಾತೆಗೆ ಜಮೆಯಾಗುವುದು ಮಾತ್ರ ನಿಂತಿತ್ತು.

2024ರಲ್ಲಿ ಟ್ರಂಪ್ ಪಡೆದದ್ದು ಸುಮಾರು 70 ಶೇಕಡಾ ಮತ. ರಾಜ್ಯ ಸೆನೆಟ್‌ನ 34 ಸ್ಥಾನಗಳಲ್ಲಿ ಡೆಮಾಕ್ರಟರಿಗೆ ಉಳಿದದ್ದು ಎರಡು. ಈ ಸೋಲಿನ ಚರಿತ್ರೆಯನ್ನು 2000ದಿಂದ ಬರೆಯುವುದು ತಪ್ಪು. 1950ರ ಒಪ್ಪಂದದಿಂದಲೇ ಬರೆಯಬೇಕು.