ವರ್ತಕ ಸಂಘಗಳ ವಿದ್ಯಾದಾನ: ಕರ್ನಾಟಕ ಮತ್ತು ಮಟ್ಟಾಂಚೇರಿ

ಒಂದು ಪೇಟೆಯ ವ್ಯಾಪಾರಿಗಳು ತಮ್ಮೊಳಗೆ ಕಟ್ಟುಪಾಡು ಮಾಡಿಕೊಂಡು, ಸರಕಿನ ಹೇರಿಗೆ ಅಥವಾ ಲೆಕ್ಕದ ಮೊತ್ತಕ್ಕೆ ಇಷ್ಟೆಂದು ಧರ್ಮದ ಪಾಲು ತೆಗೆದಿಟ್ಟು, ಅದನ್ನು ಗುಡಿ, ಛತ್ರ, ಶಾಲೆ ಮತ್ತು ಬಡ ವಿದ್ಯಾರ್ಥಿಗಳ ಖರ್ಚಿಗೆ ಕೊಡುವ ಪದ್ಧತಿ ದಕ್ಷಿಣ ಭಾರತದಲ್ಲಿ ಬಹಳ ಹಳೆಯದು. ಉದಾರಿಯೊಬ್ಬ ಕೈಯೆತ್ತಿ ಕೊಡುವ ದಾನಕ್ಕೂ ಇದಕ್ಕೂ ದೊಡ್ಡ ಅಂತರವಿದೆ. ಲಾಭ ಬಂದ ಮೇಲೆ ಮಿಕ್ಕಿದ್ದನ್ನು ಕೊಡುವುದಲ್ಲ, ವ್ಯವಹಾರ ಕುದುರಿದ ಗಳಿಗೆಯಲ್ಲೇ ಧರ್ಮದ ಪಾಲು ಬೇರೆಯಾಗುತ್ತದೆ. ದಾನಿ ತೀರಿಕೊಂಡರೂ ಶಾಲೆ ನಡೆದದ್ದು ಬಹುಪಾಲು ಈ ಕಾರಣದಿಂದ.

ಕೇರಳದ ಅತಿ ಹಳೆಯ ಸಾಕ್ಷ್ಯ ಕ್ರಿ.ಶ. 849ರ ತರಿಸಾಪ್ಪಳ್ಳಿ ತಾಮ್ರಶಾಸನ. ವೇಣಾಡಿನ ಅಯ್ಯನ್ ಅಡಿಗಳ್ ಕೊಲ್ಲಂನ ಇಗರ್ಜಿಯೊಂದಕ್ಕೆ ಭೂಮಿಯನ್ನೂ ಆದಾಯವನ್ನೂ ಬಿಟ್ಟುಕೊಟ್ಟಾಗ, ಆ ದತ್ತಿಯನ್ನು ಕಾಯುವ ಹೊಣೆಯನ್ನು ಅಂಜುವಣ್ಣಂ ಮತ್ತು ಮಣಿಗ್ರಾಮಂ ಎಂಬ ಎರಡು ವರ್ತಕ ಸಂಘಗಳಿಗೆ ವಹಿಸಿದ. ಅಂದರೆ ಅರಸನ ದಾನಕ್ಕೂ ವ್ಯಾಪಾರಿಗಳ ಕಾವಲು ಬೇಕಿತ್ತು. ಸುಮಾರು ಕ್ರಿ.ಶ. 1000ದಲ್ಲಿ ಚೇರ ಅರಸ ಭಾಸ್ಕರ ರವಿ ಯಹೂದಿ ಮುಖಂಡ ಜೋಸೆಫ್ ರಬ್ಬಾನನಿಗೆ ಅಂಜುವಣ್ಣಂ ಪದವಿಯನ್ನೂ ಎಪ್ಪತ್ತೆರಡು ಹಕ್ಕುಗಳನ್ನೂ ಕೊಟ್ಟ ತಾಮ್ರಪಟ ಕೊಚ್ಚಿಯ ಮಟ್ಟಾಂಚೇರಿಯಲ್ಲಿರುವ ಪರದೇಶಿ ಸಿನಗಾಗ್‌ನಲ್ಲಿ ಉಳಿದುಬಂದಿದೆ. ಆ ಸಿನಗಾಗ್ ಕಟ್ಟಿದ್ದು 1568ರಲ್ಲಿ.

ಕನ್ನಡ ನಾಡಿನಲ್ಲಿ ಇದೇ ಕೆಲಸ ಮಾಡಿದವರು ಅಯ್ಯಾವೊಳೆಯ ಐನೂರ್ವರು. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ಈ ಸಂಘ ಜಾತಿ, ಮತ, ಭಾಷೆಗಳ ಗಡಿ ದಾಟಿ ಬೆಳೆದದ್ದು ನಿಜಕ್ಕೂ ಸೋಜಿಗದ ಸಂಗತಿ. ಬಳ್ಳಿಗಾವೆಯ 11ನೆಯ ಶತಮಾನದ ಶಾಸನವೊಂದು ಅವರು ಸುತ್ತುತ್ತಿದ್ದ ದೇಶಗಳನ್ನು ಪಟ್ಟಿ ಮಾಡುವಾಗ ಚೇರ, ಚೋಳ, ಪಾಂಡ್ಯ, ಮಲೆಯದಿಂದ ನೇಪಾಳದವರೆಗೆ ಹೋಗುತ್ತದೆ. ಆನೆ, ಕುದುರೆ, ರತ್ನಗಳ ಜೊತೆಗೆ ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ ಅವರ ಸರಕು. ತಮ್ಮ ನಡಾವಳಿಯನ್ನು ಅವರು ವೀರಬಣಂಜು ಧರ್ಮವೆಂದು ಕರೆದುಕೊಂಡರು. ಅವರ ಬಿರುದಾವಳಿಯಲ್ಲಿ ಹದಿನೆಂಟು ಪಟ್ಟಣಗಳ ಪಕ್ಕದಲ್ಲೇ ಅರವತ್ತನಾಲ್ಕು ಘಟಿಕಾಸ್ಥಾನಗಳು ಬರುತ್ತವೆ. ಘಟಿಕಾಸ್ಥಾನವೆಂದರೆ ವಿದ್ಯಾಕೇಂದ್ರ, ಪೇಟೆಯ ಹೆಸರಿಗೆ ಪಾಠಶಾಲೆಯ ಹೆಸರನ್ನು ಜೋಡಿಸಿ ಹೇಳಿಕೊಳ್ಳುವುದನ್ನು ವರ್ತಕರು ಗೌರವವೆಂದು ಬಗೆದಿದ್ದರು. ಕೊಚ್ಚಿಯ ನೆರೆಯ ಕೊಡುಂಗಲ್ಲೂರಿನಿಂದ ಹೋದ ಒಬ್ಬ 13ನೆಯ ಶತಮಾನದಲ್ಲಿ ಬರ್ಮಾದ ಪಗಾನ್‌ನ ನಾನಾದೇಶಿ ವಿಷ್ಣುಗುಡಿಗೆ ದತ್ತಿ ಬಿಟ್ಟದ್ದಕ್ಕೂ ಶಾಸನವಿದೆ.

ಸಾಮೂಹಿಕ ವಂತಿಗೆಯಿಂದ ವಿದ್ಯಾರ್ಥಿಗಳನ್ನು ಸಾಕಿದ ಸ್ಪಷ್ಟ ಚಿತ್ರ ಸಿಗುವುದು ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ. ಕ್ರಿ.ಶ. 945ರ ಇಲ್ಲಿನ ಶಾಸನದ ಪ್ರಕಾರ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ನಾನಾ ಪ್ರಾಂತಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು, ಅವರ ವಾಸಕ್ಕೆ 27 ಮನೆಗಳಿದ್ದವು. ಊರವರು ಮದುವೆಗೆ 5 ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯ ಕೊಡಬೇಕೆಂದು ಒಪ್ಪಿದ್ದರು. ಇವರು ವರ್ತಕರಲ್ಲ, ಅಗ್ರಹಾರದವರು. ಆದರೂ ವಿದ್ಯಾರ್ಥಿವೇತನದ ಇತಿಹಾಸ ಬರೆಯುವವರು ಈ ಶಾಸನವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಇಂಥ ಶಾಲೆಗಳ ಬಾಗಿಲು ಹೆಣ್ಣುಮಕ್ಕಳಿಗೆ, ದುಡಿಯುವ ಜಾತಿಗಳ ಮಕ್ಕಳಿಗೆ ತೆರೆದಿರಲಿಲ್ಲ ಎಂಬುದನ್ನೂ ಹೇಳಲೇಬೇಕು.

ಮಟ್ಟಾಂಚೇರಿಯ ಪೇಟೆ ಬೆಳೆದದ್ದು ಕೊಡುಂಗಲ್ಲೂರಿನ ಬಂದರು ಕಳೆಗುಂದಿದ ಮೇಲೆ. 1341ರ ಪೆರಿಯಾರ್ ಪ್ರವಾಹ ಕೊಚ್ಚಿಯ ಅಳಿವೆಯನ್ನು ತೆರೆಯಿತೆಂಬುದು ಪ್ರತೀತಿ. ಕರಿಮೆಣಸು, ಶುಂಠಿಯ ಸುತ್ತ ಯಹೂದಿಗಳು, ಕಚ್ಛಿ ಮೇಮನರು, ಗುಜರಾತಿ ವೈಷ್ಣವರು, ಜೈನರು, ಗೋವೆಯಿಂದ ವಲಸೆ ಬಂದ ಕೊಂಕಣಿಗರು ಇಲ್ಲಿ ನೆಲೆನಿಂತರು. ಒಬ್ಬೊಬ್ಬರಿಗೂ ತಮ್ಮ ಪ್ರಾರ್ಥನಾಸ್ಥಳ, ಅದರ ಆಸರೆಯಲ್ಲಿ ಶಾಲೆ, ಅನ್ನದಾನ. ಕೊಂಕಣಿಗರ ಪೈಕಿ ಗೌಡ ಸಾರಸ್ವತರ ಕೊಚ್ಚಿ ತಿರುಮಲ ದೇವಸ್ವಂ ಟಿ.ಡಿ. ಶಾಲೆಯನ್ನು ನಡೆಸುತ್ತದೆ, ಗುಜರಾತಿಗಳ ಮಹಾಜನ ಸಂಘ ಗುಜರಾತಿ ವಿದ್ಯಾಲಯವನ್ನು ನೋಡಿಕೊಂಡಿದೆ. 1957ರಿಂದ ಕರಿಮೆಣಸಿನ ವಾಯಿದೆ ವ್ಯಾಪಾರ ನಡೆಸಿದ ಸಂಬಾರ ವರ್ತಕರ ಸಂಘದ ಕಟ್ಟಡವೂ ಇಲ್ಲಿನ ಯಹೂದಿ ಬೀದಿಯಲ್ಲಿದೆ.

ಗೋವೆಯಿಂದ ಹೊರಟ ಅದೇ ಸಾರಸ್ವತರ ಇನ್ನೊಂದು ಕವಲು ದಕ್ಷಿಣ ಕನ್ನಡದಲ್ಲಿ ಆಧುನಿಕ ರೂಪದ ಕೆಲಸ ಮಾಡಿತು. ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲನ್ನೂ 1894ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ತೆರೆದು, 1906ರಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಸ್ಥಾಪಿಸಿದರು. ಇಂದಿನ ಕೆನರಾ ಬ್ಯಾಂಕ್ ಅದೇ. ಮೊದಲು ಶಾಲೆ, ಆಮೇಲೆ ಬ್ಯಾಂಕು ಎಂಬ ಈ ಅನುಕ್ರಮ ಗಮನಾರ್ಹ. ಬೆಂಗಳೂರಿನಲ್ಲಿ ವರ್ತಕ ಗುಬ್ಬಿ ತೋಟದಪ್ಪನವರ ಛತ್ರದ ಆಸ್ತಿಯಿಂದ ವಿದ್ಯಾರ್ಥಿನಿಲಯ ನಡೆದುಬಂದಿದೆ. ಆದರೆ 1916ರ ಮೈಸೂರು, 1928ರ ಹುಬ್ಬಳ್ಳಿ, 1940ರ ಮಂಗಳೂರು ವಾಣಿಜ್ಯ ಸಂಸ್ಥೆಗಳ ಮುಖ್ಯ ಚಿಂತೆ ವಿದ್ಯಾದಾನವಲ್ಲ, ತೆರಿಗೆ, ರೈಲು, ಬಂದರು.

ಪೇಟೆಯೇ ಶಾಲೆ ನಡೆಸಿದ ಮಾದರಿ ನೆರೆಯ ತಮಿಳುನಾಡಿನಲ್ಲೂ ಇದೆ. ಅಲ್ಲಿನ ವಿರುದುನಗರದಲ್ಲಿ ನಾಡಾರ್ ವರ್ತಕರು ಮಗಮೆ ಎಂಬ ವ್ಯಾಪಾರದ ವಂತಿಗೆಯ ಹಣದಿಂದಲೂ ಮನೆಮನೆಯ ಹಿಡಿ ಅಕ್ಕಿಯಿಂದಲೂ ಉಚಿತ ಶಾಲೆ ನಡೆಸಿದರು. ಕೆ. ಕಾಮರಾಜ್ ಓದಿದ್ದು ಆ ಶಾಲೆಯಲ್ಲಿ. ಅವರೇ ಮುಂದೆ ಮುಖ್ಯಮಂತ್ರಿಯಾಗಿ ಶಾಲೆಗಳಲ್ಲಿ ಮಧ್ಯಾಹ್ನದ ಊಟವನ್ನು ವಿಸ್ತರಿಸಿದರು. ಒಂದು ಜಾತಿಯ ಪೇಟೆ ಎತ್ತಿದ ವಂತಿಗೆ ಹೀಗೆ ಎಲ್ಲ ಮಕ್ಕಳ ತಟ್ಟೆಗೆ ತಲುಪಿತು.

ಸ್ವತಂತ್ರ ಭಾರತದಲ್ಲಿ, ಧರ್ಮಕ್ಕೆಂದು ಹೀಗೆ ತೆಗೆದಿಟ್ಟ ಹಣ ವ್ಯಾಪಾರಿಯ ಆದಾಯವೇ ಎಂಬ ಪ್ರಶ್ನೆ ನ್ಯಾಯಾಲಯ ತಲುಪಿತು. ಗಿರಾಕಿಯಿಂದ ಬಿಲ್ಲಿನಲ್ಲಿ ಬೇರೆಯಾಗಿ ಪಡೆದ ಧರ್ಮಾದಾಯ ಮೊದಲಿನಿಂದಲೇ ಧರ್ಮಕ್ಕೆ ಮೀಸಲಾದದ್ದು, ಅದು ಆದಾಯವಲ್ಲ ಎಂದು ಸುಪ್ರೀಂ ಕೋರ್ಟ್ ಬಿಜ್ಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ 1978ರಲ್ಲಿ ತೀರ್ಪಿತ್ತಿತು. ಪೇಟೆಯ ಹಳೆಯ ನಡಾವಳಿಗೆ ಕಾನೂನಿನ ಮನ್ನಣೆ ಸಿಕ್ಕ ತೀರ್ಪಿದು.

2013ರ ಕಂಪನಿ ಕಾಯಿದೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆಂದು ವಿಧಿಸಿದೆ. ವರ್ಷದ ನಿವ್ವಳ ಲಾಭ 5 ಕೋಟಿ ರೂಪಾಯಿ, ವಹಿವಾಟು 1000 ಕೋಟಿ ಅಥವಾ ನಿವ್ವಳ ಮೌಲ್ಯ 500 ಕೋಟಿ ಮುಟ್ಟಿದ ಕಂಪನಿಗೆ ಮಾತ್ರ ಇದು ಅನ್ವಯ. ಮಟ್ಟಾಂಚೇರಿಯ ಮೆಣಸಿನ ಮಂಡಿಗೂ ಹುಬ್ಬಳ್ಳಿಯ ಕಿರಾಣಿ ವರ್ತಕರ ಸಂಘಕ್ಕೂ ಈ ಕಾಯಿದೆಯ ಒತ್ತಾಯವಿಲ್ಲ. ಅಲ್ಲಿನ ವಿದ್ಯಾರ್ಥಿವೇತನ ಇಂದಿಗೂ ಸದಸ್ಯರು ತಾವೇ ಮಾಡಿಕೊಂಡ ಕಟ್ಟುಪಾಡನ್ನೇ ನಂಬಿದೆ.