ಹಾಲು ಕುಡಿಯುವಾಗ ಬೆವರುವ ಕೂಸು: ಒಂದು ಹೃದ್ರೋಗದ ಚರಿತ್ರೆ

ಎರಡು ಮೂರು ತಿಂಗಳ ಕೂಸು ಹಾಲು ಕುಡಿಯುತ್ತ ನಡುವೆಯೇ ಬಿಟ್ಟು ಚೀರುತ್ತದೆ, ಬೆವರುತ್ತದೆ, ಮುಖ ಬಿಳಿಚುತ್ತದೆ. ಬೀದರಿನಲ್ಲಾಗಲಿ, ಭಾಲ್ಕಿ, ಔರಾದಿನ ಹಳ್ಳಿಗಳಲ್ಲಾಗಲಿ ಹಿರಿಯರು ಹೊಟ್ಟೆನೋವು ಎನ್ನುತ್ತಾರೆ, ಇಲ್ಲವೇ ದೃಷ್ಟಿ ತಗುಲಿದೆ ಎನ್ನುತ್ತಾರೆ. ಉರ್ದು ಮನೆಗಳಲ್ಲಿ ಅದೇ ‘ನಜರ್’. ಬಹಳ ಸಲ ಹೊಟ್ಟೆನೋವೇ ಇರುತ್ತದೆ. ಆದರೆ ಸುಮಾರು 3 ಲಕ್ಷಕ್ಕೊಂದು ಮಗುವಿನಲ್ಲಿ ಅದು ಹೃದಯದ ನೋವು.

ಹೃದಯಕ್ಕೂ ಆಹಾರ ಬೇಕು. ಅದು ಹೃದಯದ ಮಾಂಸದೊಳಗೆ ಹರಡಿದ ನಾಳಗಳಿಂದಲೇ ಬರುತ್ತದೆಂದು 1242ರಲ್ಲಿ ಬರೆದವರು ಇಬ್ನ್ ಅಲ್-ನಫೀಸ್. ಇಬ್ನ್ ಸೀನಾರಂಥ ದೊಡ್ಡವರ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತಲೇ ಅವರ ಮಾತನ್ನು ತಿದ್ದಿದ ಧೈರ್ಯ ಮೆಚ್ಚತಕ್ಕದ್ದು.

ಈ ಕೊರೋನರಿ ನಾಳಗಳೆರಡೂ ಮಹಾಧಮನಿಯಿಂದ ಹುಟ್ಟಬೇಕು. ಕೆಲವು ಮಕ್ಕಳಲ್ಲಿ ಎಡಗಡೆಯದು ಶ್ವಾಸಕೋಶದ ಧಮನಿಯಿಂದ ಹುಟ್ಟಿರುತ್ತದೆ. ಗರ್ಭದಲ್ಲಿ ಆ ಧಮನಿಯ ಒತ್ತಡ ಹೆಚ್ಚಿರುವುದರಿಂದ ತೊಂದರೆ ಕಾಣದು. ಹುಟ್ಟಿದ ಕೆಲವು ವಾರಗಳಲ್ಲಿ ಒತ್ತಡ ಇಳಿದಾಗ ಹೃದಯದ ಎಡಭಾಗ ರಕ್ತವಿಲ್ಲದೆ ಸೊರಗುತ್ತದೆ. ಹಾಲು ಕುಡಿಯುವುದೇ ಕೂಸಿಗೆ ದೊಡ್ಡ ದುಡಿಮೆ. ನೋವು ಆಗಲೇ ಬರುತ್ತದೆ. 1933ರಲ್ಲಿ ಅಮೆರಿಕದ ಬ್ಲಾಂಡ್, ವೈಟ್, ಗಾರ್ಲಂಡ್ ಎಂಬ ವೈದ್ಯರು 3 ತಿಂಗಳ ಮಗುವೊಂದರಲ್ಲಿ ಇದನ್ನು ವಿವರಿಸಿದರು. ಆ ಮಗು ಉಳಿಯಲಿಲ್ಲ. ಶಸ್ತ್ರಚಿಕಿತ್ಸೆ ಇಲ್ಲದಿದ್ದರೆ ಹೆಚ್ಚಿನವು ಒಂದು ವರ್ಷ ದಾಟುವುದಿಲ್ಲ.

ಗಂಟು ಬಿಚ್ಚಿದ್ದು 1960ರ ವರದಿ. ಸಬಿಸ್ಟನ್, ನೀಲ್, ಟಾಸಿಗ್ ಅವರು ಆ ನಾಳದಲ್ಲಿ ರಕ್ತ ಹಿಮ್ಮುಖವಾಗಿ ಹರಿದು, ಹೃದಯಕ್ಕೆ ಸಲ್ಲಬೇಕಾದದ್ದು ಶ್ವಾಸಕೋಶದ ಧಮನಿಗೆ ಸೋರಿಹೋಗುತ್ತದೆಂದು ತೋರಿಸಿದರು. ಮೊದಲು ನಾಳವನ್ನು ಕಟ್ಟಿ ಸೋರಿಕೆ ನಿಲ್ಲಿಸಿದರು. 1974ರಲ್ಲಿ ನೆಚಸ್ ಮತ್ತು ಸಂಗಡಿಗರು ನಾಳವನ್ನೇ ಬಿಡಿಸಿ ಮಹಾಧಮನಿಗೆ ಹೊಲಿದದ್ದನ್ನು ವರದಿ ಮಾಡಿದರು. ಇಂದಿಗೂ ಸಾಮಾನ್ಯವಾಗಿ ಮಾಡುವುದು ಇದನ್ನೇ. ನಾಳ ತಲುಪದಿದ್ದರೆ ಒಳಗೊಂದು ಸುರಂಗ ಕಟ್ಟುವ ವಿಧಾನವನ್ನು ಜಪಾನಿನ ತಾಕೆಉಚಿ 1979ರಲ್ಲಿ ಪ್ರಕಟಿಸಿದರು.

ನಮ್ಮ ಕಡೆ ಕಷ್ಟ ಎರಡು: ದೂರ ಮತ್ತು ದುಡ್ಡು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಬಂದದ್ದು ಬೀದರ್ ಸೇರಿದ ಗುಲ್ಬರ್ಗಾ ವಿಭಾಗಕ್ಕೆ. ಬಡವರಿಗೆ ಹೃದಯದ ಆಪರೇಷನ್ ಉಚಿತವಾಯಿತು. ಆ ಯೋಜನೆ ಈಗ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಸೇರಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗೂ ಬರುತ್ತವೆ. ಆದರೆ ಎರಡು ತಿಂಗಳ ಕೂಸು ಅಂಗನವಾಡಿಯಲ್ಲಿರುವುದಿಲ್ಲ, ತಾಯಿಯ ಮಡಿಲಲ್ಲಿರುತ್ತದೆ. ಇಂಥ ಲಕ್ಷಣ ಕಂಡರೆ ತಡಮಾಡದೆ ಮಕ್ಕಳ ವೈದ್ಯರಲ್ಲಿ ಇಸಿಜಿ, ಎಕೋ ಕೇಳಿರಿ. ‘ಹೃದಯ ದೊಡ್ಡದಾಗಿದೆ’ ಎಂದಷ್ಟೇ ವರದಿ ಬಂದರೆ, ಎಡ ಕೊರೋನರಿ ಎಲ್ಲಿಂದ ಹುಟ್ಟಿದೆಯೆಂದು ನೋಡಿದ್ದೀರಾ ಎಂದು ಸಂಕೋಚವಿಲ್ಲದೆ ವಿಚಾರಿಸಿರಿ.